ಮೆಲೋಟ್ರಾನ್ ಎಂ400ರ ಗುಂಯ್‌ಗುಟ್ಟುವ ಸದ್ದು

ಮೆಲೋಟ್ರಾನ್ ಎಂ400 ಎಂದರೆ ಕೀಲಿ ಒತ್ತಿದಾಗ ಧ್ವನಿಮುದ್ರಿತ ಟೇಪನ್ನು ಓಡಿಸಿ ನುಡಿಯುವ ಕೀಲಿಮಣೆ ವಾದ್ಯ. ಯಾವ ಕೀಲಿಯನ್ನೂ ಒತ್ತದಿರುವಾಗಲೂ ನಿಮ್ಮ ಎಂ400 ಗುಂಯ್‌ಗುಡುತ್ತಿದೆ ಎಂದು ನೀವು ಬರೆದಿರುವುದರಿಂದ ಟೇಪುಗಳನ್ನು ಸದ್ಯಕ್ಕೆ ಅನುಮಾನಿಸಬೇಕಿಲ್ಲ. ವಾದ್ಯದ ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಸದ್ದು ಉಳಿದರೆ, ದೋಷವು ಹೆಚ್ಚಾಗಿ ಹೊರಗಿನ ಕೇಬಲ್, ಆಂಪ್ಲಿಫೈಯರ್ ಅಥವಾ ಅರ್ತ್ ಲೂಪಿನಲ್ಲಿ (ಎರಡು ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಭೂಸಂಪರ್ಕ ಪಡೆದಾಗ ಉಂಟಾಗುವ ಸುತ್ತು) ಇರುತ್ತದೆ. ಅದನ್ನು ನೀಗಿಸಲೆಂದು ಪ್ಲಗ್ಗಿನ ಅರ್ತ್ ತಂತಿಯನ್ನು ಮಾತ್ರ ಎಂದಿಗೂ ಕೀಳಬೇಡಿ.

ವಾಲ್ಯೂಮ್ ಇಳಿಸಿದಾಗ ಸದ್ದು ಅಡಗಿದರೆ, ಮತ್ತೆ ಏರಿಸಿ ಅದರ ಶ್ರುತಿಯನ್ನು ಗಮನಿಸಿ. 100 ಹರ್ಟ್ಸ್‌ನ ತುಸು ಒರಟು ಸದ್ದಾದರೆ ವಿದ್ಯುತ್ ಪೂರೈಕೆಯ ಏರಿಳಿತವನ್ನು ಸಮಗೊಳಿಸುವ ಹಳೆಯ ಫಿಲ್ಟರ್ ಕೆಪಾಸಿಟರುಗಳು ಒಣಗಿರಬಹುದು. ಒಂದು ಸ್ಥಾಯಿ ಕೆಳಗೆ, 50 ಹರ್ಟ್ಸ್‌ನಲ್ಲಿದ್ದರೆ, ಟೇಪನ್ನು ಓದುವ 35 ಪ್ಲೇಬ್ಯಾಕ್ ಹೆಡ್ಡುಗಳು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿರಬಹುದು. ಟೇಪಿನ ಬೇರೆ ಬೇರೆ ಧ್ವನಿಗಳನ್ನು ಆರಿಸುವ ಟ್ರ್ಯಾಕ್ ಗುಂಡಿಯನ್ನು ತಿರುಗಿಸಿದಾಗ ಹೆಡ್ಡುಗಳ ಸಾಲೇ ಪಕ್ಕಕ್ಕೆ ಸರಿಯುವುದರಿಂದ, ಆಗ ಸದ್ದು ಏರಿಳಿದರೆ ಈ ಅನುಮಾನ ಗಟ್ಟಿಯಾಗುತ್ತದೆ. ಆದರೂ ನಾನಾಗಿದ್ದರೆ, ವಿದ್ಯುತ್ ಸಂಪರ್ಕ ತೆಗೆದು, ಹೆಡ್ಡುಗಳಿಂದ ಪ್ರೀಆಂಪಿಗೆ (ಕ್ಷೀಣ ಸಂಕೇತವನ್ನು ಮೊದಲು ವರ್ಧಿಸುವ ಭಾಗ) ಹೋಗುವ ಶೀಲ್ಡ್ ತಂತಿಯ, ಅಂದರೆ ಹೊರಗಿನ ಸದ್ದನ್ನು ತಡೆಯುವ ಲೋಹದ ಹೊದಿಕೆಯುಳ್ಳ ತಂತಿಯ ಬೆಸುಗೆಯನ್ನೇ ಮೊದಲು ಪರೀಕ್ಷಿಸುತ್ತಿದ್ದೆ.