ಧಾರವಾಡದಲ್ಲಿ ಓದಿ ಸಮುದ್ರತಳ ಕೊರೆಯುವ ಸಂಶೋಧನೆಗೆ ಹೋಗಬಹುದಾ?

ಗದಗಿನವರು, ಧಾರವಾಡದಲ್ಲಿ ಬಿಎಸ್ಸಿ ಭೂವಿಜ್ಞಾನ, ಸಮುದ್ರವೇ ಇಲ್ಲದ ಊರಿನಲ್ಲಿ ಓದಿ ಏನು ಪ್ರಯೋಜನ ಅಂತ ಕೇಳಿದ್ದೀರಿ. ಎಂಎಸ್ಸಿಯಲ್ಲಿ ನನಗೂ ಇದೇ ಚಿಂತೆ ಇತ್ತು.

ಆಗ ಪ್ರಾಜೆಕ್ಟಿಗೆ ಗದಗಿನ ಹತ್ತಿರ ಚಿನ್ನ ಹುಡುಕಲು ಕೊರೆಸಿದ್ದ ಕೋರ್ ಸಿಕ್ಕಿತು. ಬೋರ್‌ವೆಲ್ ಹೊಡೆದರೆ ಬರುವುದು ಪುಡಿ. ವಜ್ರದ ಬಿಟ್ ಹಾಕಿ ಕೊರೆದರೆ ಕಲ್ಲು ಕೋಲಿನ ಹಾಗೆ ಇಡಿಯಾಗಿ ಬರುತ್ತದೆ, ಅದೇ ಕೋರ್. ತೊಳೆಯಲು ತುಂಡುಗಳನ್ನು ಟ್ರೇಯಿಂದ ಎತ್ತಿದೆ. ಮೇಲಿನ ತುದಿ ಯಾವುದೆಂದು ಗುರುತು ಹಾಕಲಿಲ್ಲ. ವಾಪಸ್ ಇಡುವಾಗ ಕೆಲವು ತಲೆಕೆಳಗಾದವು.

ಆ ಕಲ್ಲು ಗ್ರೇವ್ಯಾಕ್, ಅಂದರೆ ಹಳೆಯ ಸಮುದ್ರದ ಮರಳು-ಮಣ್ಣು ಗಟ್ಟಿಯಾಗಿ ಆದ ಕಲ್ಲು. ಕೆಸರು ನೀರು ಸಮುದ್ರದಡಿಯ ಇಳಿಜಾರಿನಲ್ಲಿ ನುಗ್ಗಿ ನಿಂತಾಗ ದಪ್ಪ ಮರಳು ಮೊದಲು ಕೂರುತ್ತದೆ, ನುಣ್ಣನೆಯ ಮಣ್ಣು ಆಮೇಲೆ. ಹಾಗಾಗಿ ಪ್ರತಿ ಪದರದ ತಳ ಒರಟು, ಮೇಲೆ ನುಣುಪು. ನನ್ನ ತುಂಡುಗಳಲ್ಲಿ ಉಲ್ಟಾ ಕಂಡಿತು. ಪದರಗಳು ಮಡಚಿ ಮಗುಚಿವೆ ಅಂತ ಒಂದು ಅಧ್ಯಾಯವನ್ನೇ ಬರೆದೆ. ನಮ್ಮ ಸರ್ ಮುರಿದ ತುದಿಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದರು. ಕೂಡಲಿಲ್ಲ. ಪ್ರಾಜೆಕ್ಟ್ ವಾಪಸ್ ಬಂತು, ಆ ವರ್ಷದ ಪಿಎಚ್‌ಡಿ ಸೀಟೂ ಕೈತಪ್ಪಿತು. ಕೊರೆದವರ ತಪ್ಪಿಲ್ಲ, ಕಲ್ಲಿನ ತಪ್ಪಿಲ್ಲ. ಒಂದು ಬಾಣದ ಗುರುತು ಹಾಕಿದ್ದರೆ ಸಾಕಿತ್ತು.

ಸಮುದ್ರತಳ ಕೊರೆಯುತ್ತಿದ್ದ ಜಾಯ್ಡೀಸ್ ರೆಸಲ್ಯೂಷನ್ ಎಂಬ ಸಂಶೋಧನಾ ಹಡಗಿನಲ್ಲಿ 9.5 ಮೀಟರ್ ಉದ್ದದ ಕೋರ್ ಡೆಕ್ಕಿಗೆ ಬಂದ ಕೂಡಲೇ 1.5 ಮೀಟರಿನ ತುಂಡು ಮಾಡುತ್ತಿದ್ದರು. ಮೇಲಿನ ತುದಿಗೆ ನೀಲಿ ಮುಚ್ಚಳ, ಕೆಳಗಿನದಕ್ಕೆ ಬಣ್ಣವಿಲ್ಲದ್ದು. ಅದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. 2015ರಲ್ಲಿ ಆ ಹಡಗು ಅರಬ್ಬಿ ಸಮುದ್ರದಲ್ಲಿ, ಮೂರೂವರೆ ಕಿಲೋಮೀಟರ್‌ಗೂ ಜಾಸ್ತಿ ನೀರಿನಡಿ, ತಳದಿಂದ ಇನ್ನೂ ಒಂದು ಕಿಲೋಮೀಟರ್ ದಾಟಿ ಕೊರೆಯಿತು. ಸಿಂಧೂ ನದಿ ಹಿಮಾಲಯದಿಂದ ತಂದು ಹಾಕಿದ ಕೆಸರು ಸಿಕ್ಕಿತು. ಹಿಮಾಲಯ ಯಾವಾಗ ಜಾಸ್ತಿ ಸವೆಯಿತು, ಮುಂಗಾರು ಹೇಗೆ ಬದಲಾಯಿತು ಅನ್ನುವುದನ್ನು ಅದರಲ್ಲೇ ಓದುತ್ತಾರೆ. ಅಲ್ಲೂ ಅದೇ ಪದರ: ತಳ ಒರಟು, ಮೇಲೆ ನುಣುಪು.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಈಗಿನ ಮಹಾಸಾಗರಗಳ ತಳ ಸುಮಾರು 20 ಕೋಟಿ ವರ್ಷಕ್ಕಿಂತ ಹಳೆಯದಲ್ಲ, ಹಳೆಯದೆಲ್ಲ ಭೂಮಿಯೊಳಗೆ ಇಳಿದುಹೋಗಿದೆ. ಗದಗಿನ ಗ್ರೇವ್ಯಾಕ್‌ಗೆ 250 ಕೋಟಿ ವರ್ಷಕ್ಕೂ ಜಾಸ್ತಿ. ಅಷ್ಟು ಹಳೆಯ ಸಮುದ್ರದ ಕೆಸರು ಯಾವ ಹಡಗಿಗೂ ಸಿಗುವುದಿಲ್ಲ. ನಿಮ್ಮ ಊರಿನ ಗುಡ್ಡದಲ್ಲಿ ಸಿಗುತ್ತದೆ!

ಹಡಗಿನ ಆಸೆ ಸದ್ಯ ಪಕ್ಕಕ್ಕಿಡಿ. ಆ ಹಡಗು 2024ರಲ್ಲಿ ಕೆಲಸ ನಿಲ್ಲಿಸಿತು. ಅದು ತೆಗೆದ ಕೋರ್‌ಗಳು ಜಪಾನ್, ಜರ್ಮನಿ, ಅಮೆರಿಕದ ಉಗ್ರಾಣಗಳಲ್ಲಿವೆ, ಸಂಶೋಧಕರು ಅರ್ಜಿ ಹಾಕಿ ಸ್ಯಾಂಪಲ್ ತರಿಸಬಹುದು. ಈ ರಜೆಯಲ್ಲಿ ಭೂತಗನ್ನಡಿ, ಮಾರ್ಕರ್ ಹಿಡಿದು ಗುಡ್ಡಕ್ಕೆ ಹೋಗಿ, ಪದರದ ಮೇಲು-ಕೆಳಗು ಹೇಳುವುದನ್ನು ಕಲಿಯಿರಿ. ಎಂಎಸ್ಸಿ ಧಾರವಾಡದಲ್ಲೇ ಮಾಡಿ. ಆಮೇಲೆ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ ಅರ್ಜಿ ಹಾಕಿ.