ಸಾಕಿದ ಅಜ್ಜಿಯನ್ನು ಬಿಟ್ಟು ಬರುವ ಮಾತು

ಮುಂದಿನ ತಿಂಗಳು ಮಲ್ಲೇಶ್ವರದ ಮನೆಯಿಂದ ನ್ಯೂಜೆರ್ಸಿಗೆ ಕೆಲಸಕ್ಕೆ ಹೊರಟಿರುವ ನೀವು ಚಳಿ, ಸಾಮಾನು, ಊಟ ಎಲ್ಲವನ್ನೂ ವಿಚಾರಿಸಿ, ಕೊನೆಯ ಸಾಲಿನಲ್ಲಿ ‘ಸಾಕಿ ಬೆಳೆಸಿದ ಅಜ್ಜಿಗೆ ಎಂಬತ್ತು ದಾಟಿದೆ, ಬಿಟ್ಟು ಬರಲು ಮನಸ್ಸು ಒಪ್ಪುತ್ತಿಲ್ಲ’ ಎಂದು ಬರೆದಿದ್ದೀರಿ. ಉಳಿದದ್ದಕ್ಕೆ ಉತ್ತರ ಚಿಕ್ಕದು. ಬೆಂಗಳೂರಿನ ಸ್ವೆಟರ್ ಇಲ್ಲಿನ ಜನವರಿಗೆ ಸಾಲದು, ದಪ್ಪ ಕೋಟನ್ನು ಇಲ್ಲಿಯೇ ಕೊಳ್ಳಿ. ಮಿಕ್ಸಿ ಹೊತ್ತು ತರಬೇಡಿ. ಇಲ್ಲಿಯದು 120 ವೋಲ್ಟ್, ನಮ್ಮ 230 ವೋಲ್ಟಿನ ಮಿಕ್ಸಿ ನಡೆಯುವುದಿಲ್ಲ. ಬೇಳೆ, ಹುಣಸೆಹಣ್ಣು, ಕರಿಬೇವು ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ಸಿಗುತ್ತವೆ. ಕೊನೆಯ ಸಾಲಿಗೆ ಉತ್ತರ ಹೇಳಬೇಕಾದರೆ ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು.

ನಾನು ಚಿಕ್ಕ ಹುಡುಗನಾಗಿದ್ದಾಗಲೇ ಅಮ್ಮ ತೀರಿಕೊಂಡರು. ಅಮ್ಮನ ಅಕ್ಕ, ಮದುವೆಯಾಗದೆ ಉಳಿದಿದ್ದ ದೊಡ್ಡಮ್ಮ, ನನ್ನನ್ನು ತಮ್ಮ ಮನೆಗೆ ಕರೆತಂದರು. ಅವರದು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೈಗಡಿಯಾರ ಜೋಡಿಸುವ ಕೆಲಸ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಅಲ್ಲಿ ಗಡಿಯಾರ ತಯಾರಿಕೆ ಶುರುವಾದ ಮೇಲೆ ಬೆಂಗಳೂರಿನ ಎಷ್ಟೋ ಹೆಣ್ಣುಮಕ್ಕಳು ಆ ಮೇಜುಗಳ ಮುಂದೆ ಕುಳಿತು ಮನೆ ನಡೆಸಿದ್ದಾರೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಿಂದ ಎತ್ತಿ ಕೂರಿಸುವ ಕೈ ದೊಡ್ಡಮ್ಮನದು. ಕಾಲಿಗೆ ಮುಳ್ಳು ಚುಚ್ಚಿದರೆ ಬೀದಿಯ ಮಕ್ಕಳು ತಮ್ಮ ಮನೆಗೆ ಹೋಗುತ್ತಿರಲಿಲ್ಲ, ನಮ್ಮ ಜಗಲಿಗೆ ಬರುತ್ತಿದ್ದರು. ಕಾರ್ಖಾನೆಯ ಬಸ್ಸಿನಿಂದ ಆಗಷ್ಟೇ ಇಳಿದ ದೊಡ್ಡಮ್ಮ ಕೈಚೀಲವನ್ನೂ ಒಳಗಿಡದೆ, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಮುಳ್ಳು ಹೊರಗೆ ಬಂದಿರುತ್ತಿತ್ತು.

ಸ್ವಯಂ ನಿವೃತ್ತಿ ಪಡೆದಾಗ ಬಂದ ಹಣದಲ್ಲಿ ಅವರು ಮೊದಲು ಕೊಂಡದ್ದು ನನ್ನ ವಿಮಾನದ ಟಿಕೆಟ್. ನಿಮ್ಮಂತೆಯೇ ನಾನೂ ಹಿಂದೆಮುಂದೆ ನೋಡಿದೆ. ‘ನನಗೋಸ್ಕರ ನೀನು ಇಲ್ಲಿ ಕುಳಿತರೆ ಆ ಭಾರ ಹೊರಬೇಕಾದವಳು ನಾನು. ಹೊರಡು’ ಎಂದರು. ನಿಮ್ಮ ಅಜ್ಜಿಯ ಮನಸ್ಸಿನಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ಅವರನ್ನೇ ಕೇಳಿ, ನೇರವಾಗಿ ಕೇಳಿ. ಅವರ ಪರವಾಗಿ ನೀವೇ ಉತ್ತರ ಊಹಿಸಿಕೊಂಡು ಕೊರಗಬೇಡಿ.

ನಾನು ಹೊರಟ ಮೇಲೆ ದೊಡ್ಡಮ್ಮ ತಮ್ಮ ಹಳೆಯ ‘ಜನತಾ’ ಗಡಿಯಾರದಲ್ಲಿ ನ್ಯೂಜೆರ್ಸಿಯ ಸಮಯ ಇಟ್ಟುಕೊಂಡರು. ಕೀ ಕೊಡುವ ಗಡಿಯಾರವದು, ಒಂದು ದಿನ ಮರೆತರೆ ನಿಂತುಹೋಗುತ್ತದೆ; ದಿನವೂ ದೇವರಿಗೆ ದೀಪ ಹಚ್ಚಿದ ಮೇಲೆ ಅದಕ್ಕೆ ಕೀ. ಇಲ್ಲಿ ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್‌ನಲ್ಲಿ ಹಿಂದಕ್ಕೆ ತಿರುಗಿಸುತ್ತಾರೆ. ಆ ಭಾನುವಾರ ಯಾವುದೆಂದು ನನಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ಅಷ್ಟು ವರ್ಷಗಳಲ್ಲಿ ನನ್ನನ್ನು ಒಮ್ಮೆಯೂ ಅವೇಳೆಯಲ್ಲಿ ಎಬ್ಬಿಸಲಿಲ್ಲ. ನೀವೂ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಇಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಮಲ್ಲೇಶ್ವರದಲ್ಲಿ ಬೆಳಿಗ್ಗೆ ಏಳು, ಚಳಿಗಾಲದಲ್ಲಿ ಎಂಟು. ವಾರಕ್ಕೊಮ್ಮೆ ಗಂಟೆಗಟ್ಟಲೆ ಮಾತಾಡುವುದಕ್ಕಿಂತ ದಿನವೂ ಐದು ನಿಮಿಷ ಮಾತಾಡುವುದೇ ವಯಸ್ಸಾದವರಿಗೆ ಹಿತ. ಕಾಫಿ ಮುಗಿಸಿ ಫೋನಿನ ಮುಂದೆ ಕೂರುವುದು ಅವರ ದಿನಚರಿಯಾಗಲಿ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅಂಥ ಸುದ್ದಿ ಬಂದರೆ ಅಂತ್ಯಕ್ರಿಯೆಯ ಹೊತ್ತಿಗೆ ತಲುಪುವುದು ಬಹುತೇಕ ಆಗದ ಮಾತು. ಊರಿನಲ್ಲಿ ಅದೇ ದಿನವೋ ಮರುದಿನವೋ ಎಲ್ಲ ಮುಗಿಯುತ್ತದೆ. ಇಲ್ಲಿಂದ ನಡುವೆ ವಿಮಾನ ಬದಲಿಸಿ ಬೆಂಗಳೂರು ಮುಟ್ಟಲು ಇಪ್ಪತ್ತು ಗಂಟೆ ಮೀರುತ್ತದೆ. ದೊಡ್ಡಮ್ಮ ನಿದ್ದೆಯಲ್ಲೇ ಹೋದಾಗ ಸೋದರಮಾವನ ಮಗ ಹರಿಶ್ಚಂದ್ರ ಘಾಟಿನಲ್ಲಿ ಕ್ರಿಯೆಗೆ ನಿಂತ. ನಾನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವ ಹೊತ್ತಿಗೆ ಜೊತೆಗೂಡಿದೆ. ವೈಕುಂಠ ಸಮಾರಾಧನೆಯ ದಿನ ಅವರೊಂದಿಗೆ ದುಡಿದಿದ್ದ ಹೆಂಗಸರು ಬಂದರು. ಅವರಲ್ಲಿ ಒಬ್ಬರು, ಹಸುಗೂಸು ಕಾಯಿಲೆ ಬಿದ್ದಿದ್ದಾಗ ತಮ್ಮ ಪಾಲಿನ ಗಡಿಯಾರಗಳನ್ನೂ ದೊಡ್ಡಮ್ಮನೇ ಜೋಡಿಸಿಕೊಟ್ಟದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ನಮ್ಮ ಮನೆಯಲ್ಲಿ ಆ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ನಾನು ಅಷ್ಟು ದೂರ ಹೋಗಿದ್ದೆನೆಂಬ ಬೇಸರ ಅವರಾರಲ್ಲೂ ಇರಲಿಲ್ಲ. ನನ್ನ ಒಂದೊಂದು ಸುದ್ದಿಯೂ ಅವರಿಗೆಲ್ಲ ತಲುಪಿತ್ತು.

ಹಾಗಾಗಿ ಹೊರಡುವ ಮೊದಲು ಕೆಲವು ಕೆಲಸ ಮುಗಿಸಿ. ಅಜ್ಜಿಗೆ ಪಿಂಚಣಿ ಇದ್ದರೆ ವರ್ಷವರ್ಷವೂ ಜೀವನ ಪ್ರಮಾಣಪತ್ರ ಕೊಡಬೇಕು, ಜೊತೆಗೆ ಹೋಗುವವರು ಯಾರೆಂದು ಈಗಲೇ ನಿಶ್ಚಯಿಸಿ. ಮನೆಯ ಇನ್ನೊಂದು ಬೀಗದಕೈ ಪಕ್ಕದ ಮನೆಯವರ ಬಳಿ ಇರಲಿ. ಔಷಧಿ ಅಂಗಡಿಯವರ ಮತ್ತು ವೈದ್ಯರ ಫೋನ್ ಸಂಖ್ಯೆ ನಿಮ್ಮ ಮೊಬೈಲಿನಲ್ಲಿರಲಿ. ಇಲ್ಲಿಗೆ ಬಂದ ಮೇಲೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಮೊಹರಿನ ಅವಧಿ ಮುಗಿಯುವ ದಿನವನ್ನು ಗಮನಿಸುತ್ತಿರಿ. ಅದು ಮುಗಿದಿದ್ದರೂ ಇಲ್ಲಿರಲು ಕೊಟ್ಟ ಅನುಮತಿಯ ಅವಧಿ ಇರುವವರೆಗೆ ಕೆಲಸ ಮಾಡಿಕೊಂಡಿರಬಹುದು, ಆದರೆ ಊರಿಗೆ ಹೋದವರು ಹೊಸ ಮೊಹರಿಲ್ಲದೆ ಹಿಂತಿರುಗಲಾಗದು. ಈ ಕಾರಣಕ್ಕೇ ತಾಯಿ ತೀರಿಕೊಂಡಾಗಲೂ ಹೋಗಲಾಗದೆ ಒದ್ದಾಡಿದವರನ್ನು ನಾನು ನೋಡಿದ್ದೇನೆ.

ಬನ್ನಿ, ಧೈರ್ಯವಾಗಿ ಬನ್ನಿ. ಬಂದಿಳಿದ ವಾರದ ಭಾನುವಾರ ನಮ್ಮ ಮನೆಯಲ್ಲೇ ಊಟ. ಅಜ್ಜಿಗೂ ಹಾಗೆಂದು ತಿಳಿಸಿಬಿಡಿ.