ಕೈ ಚಾಚಿ ದುರುಗುಟ್ಟುವ ಆ ಜಪಾನಿ ಮುಖ ಯಾರದ್ದು?

ಎರಡೂ ಕೈ ಎದೆ ಮುಂದೆ ಚಾಚಿ, ಕಣ್ಣು ಕೆಕ್ಕರಿಸಿಕೊಂಡಿರುವ ಜಪಾನಿನ ಹಳೇ ಚಿತ್ರ ನೋಡಿ, "ಇವನು ದೆವ್ವನಾ? ಮುಖ ಯಾಕೆ ಇಷ್ಟು ಸೊಟ್ಟ?" ಅಂತ ಕೇಳಿದ್ದೀರಿ. ನನಗೆ ತುಂಬಾ ಪ್ರೀತಿಯ ಚಿತ್ರ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಅವನು ದೆವ್ವ ಅಲ್ಲ. ಕಬುಕಿ ಎಂಬ ಜಪಾನಿನ ಹಳೇ ನಾಟಕ ಪ್ರಕಾರದ ನಟ, ಮೂರನೇ ಒಟಾನಿ ಒನಿಜಿ (ಅಂದರೆ ಆ ಹೆಸರು ಹೊತ್ತ ಮೂರನೆಯ ನಟ). ಪಾತ್ರದ ಹೆಸರು ಎದೊಬೆ, ದುಡ್ಡು ದೋಚಲು ಬಂದ ಆಳು. ನಾಟಕ ನಡೆದದ್ದು 1794ರಲ್ಲಿ, ಎದೊ ಊರಿನಲ್ಲಿ. ಅದೇ ಈಗಿನ ಟೋಕಿಯೊ. ಚಿತ್ರ ಬರೆದವನು ತೋಶೂಸಾಯ್ ಶರಾಕು.

ಮುಖ ಸೊಟ್ಟಗಾಗಿದ್ದು ಬೇಕೆಂದೇ. ಕಬುಕಿಯಲ್ಲಿ ಕಥೆ ಬಿಸಿ ಏರಿದಾಗ ನಟ ಒಂದು ಭಂಗಿಯಲ್ಲಿ ಗಕ್ಕನೆ ನಿಂತುಬಿಡುತ್ತಾನೆ. ಅದಕ್ಕೆ 'ಮಿಯೆ' ಅಂತಾರೆ. ಎದೊಬೆಯನ್ನು ನೋಡಿದರೆ ಅಂಥ ಗಳಿಗೆಯೇ ಕಣ್ಣಿಗೆ ಕಟ್ಟುತ್ತದೆ. ಕತ್ತು ಮುಂದೆ ಬಂದಿದೆ, ತುಟಿ ಬಿಗಿದಿದೆ, ಕಣ್ಣುಗುಡ್ಡೆ ಮೂಗಿನ ಕಡೆ ತಿರುಗಿವೆ. ಈಗ ಕೈ ನೋಡಿ. ಮುಖಕ್ಕೆ ಹೋಲಿಸಿದರೆ ಪುಟ್ಟ ಕೈಗಳು, ಬಟ್ಟೆಯೊಳಗಿಂದ ಚಿಮ್ಮಿದ ಹಾಗಿವೆ. ಅಳತೆ ತಪ್ಪು ಅನ್ನಬಹುದು, ಆದರೆ ಹಣ ಕಿತ್ತುಕೊಳ್ಳುವ ಆತುರ ಪೂರ್ತಿ ಇರುವುದು ಆ ಬೆರಳುಗಳಲ್ಲೇ. ಹಿಂದಿನ ಕಪ್ಪಿಗೆ ಅಭ್ರಕದ ಪುಡಿ ಸೇರಿಸಿದ್ದಾರೆ. ಫೋಟೊದಲ್ಲಿ ಅದು ಸುಮ್ನೆ ಬೂದು ಬಣ್ಣ. ಮ್ಯೂಸಿಯಂನಲ್ಲಿ ಗಾಜಿನ ಮುಂದೆ ಸ್ವಲ್ಪ ಬಗ್ಗಿ ನೋಡಿದೆ, ಮಿಣ್ಣಗೆ ಹೊಳೆಯಿತು. ಮುಖ ಕತ್ತಲಿಂದ ಈಗಷ್ಟೇ ಹೊರಗೆ ಬಂದಂತಿತ್ತು.

ಶರಾಕುವಿನ ಹೆಣ್ಣು ಪಾತ್ರಗಳನ್ನೂ ನೋಡಲೇಬೇಕು. 1629ರಿಂದ ಹೆಂಗಸರು ರಂಗ ಹತ್ತುವಂತಿರಲಿಲ್ಲ, ಗಂಡಸರೇ ಹೆಣ್ಣಾಗುತ್ತಿದ್ದರು. ಬೇರೆ ಚಿತ್ರಗಾರರು ಹೆಚ್ಚಾಗಿ ಅವರನ್ನು ಚೆಲುವೆಯರನ್ನಾಗಿಯೇ ಬರೆದರು. ಶರಾಕು ಹಾಗೆ ಮಾಡಲಿಲ್ಲ. ಮೂರನೇ ಸೆಗಾವಾ ಕಿಕುನೊಜೊ ಒಶಿಜು ಎಂಬ ಹೆಂಡತಿಯ ಪಾತ್ರದಲ್ಲಿದ್ದರೂ, ದಪ್ಪ ಗಲ್ಲದ ಗಂಡಸು ಕಾಣುತ್ತಾನೆ. ನಟನೂ ಇದ್ದಾನೆ, ಪಾತ್ರವೂ ಇದೆ, ಒಂದೇ ಮುಖದಲ್ಲಿ. ನನ್ನ ಪ್ರಕಾರ ಅವನ ದೊಡ್ಡಸ್ತಿಕೆ ಇದೇ.

ಆದರೆ ಇವು ಅಭಿಮಾನಿಗಳು ಕೊಳ್ಳುತ್ತಿದ್ದ ಚಿತ್ರಗಳು, ಅಲ್ವಾ? ಮೆಚ್ಚಿನ ನಟ ಚೆನ್ನಾಗಿ ಕಾಣಬೇಕು ಅಂತ ಅವರಿಗೆ ಆಸೆ. ಶರಾಕು ಕೆಲಸ ಮಾಡಿದ್ದು ಹತ್ತು ತಿಂಗಳು ಮಾತ್ರ. ಅಷ್ಟರಲ್ಲಿ 140ಕ್ಕೂ ಜಾಸ್ತಿ ಚಿತ್ರ ಬಂದವು, ಆಮೇಲೆ ಅವನ ಸುದ್ದಿಯೇ ಇಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆಯಲು ಹೋದ, ಅದಕ್ಕೇ ಅವನ ಚಿತ್ರಗಳು ಜಾಸ್ತಿ ದಿನ ನಡೆಯಲಿಲ್ಲ ಅಂತ ಅದೇ ಕಾಲದ ಲೇಖಕ ಓಟಾ ನಾಂಪೊ ಬರೆದಿಟ್ಟಿದ್ದಾನೆ. ಶರಾಕು ಅಂದರೆ ಸೈತೊ ಜೂರೊಬೆ ಎಂಬ, 'ನೋ' ಅನ್ನುವ ಇನ್ನೊಂದು ಜಪಾನಿ ನಾಟಕ ಪ್ರಕಾರದ ನಟ ಅಂತ ಈಗ ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ತಾನೇ ರಂಗದ ಮೇಲೆ ನಿಂತವನ ಕಣ್ಣು ಅದು ಅಂದರೆ ನನಗಂತೂ ಒಪ್ಪಿಗೆ.

ಇನ್ನೊಂದು ಮಾತು. ಎದೊಬೆಗೆ ಜೋಡಿ ಚಿತ್ರ ಒಂದಿದೆ: ನಟ ಇಚಿಕಾವಾ ಒಮೆಜೊ, ಇಪ್ಪೆ ಎಂಬ ಆಳಿನ ಪಾತ್ರದಲ್ಲಿ. ದುಡ್ಡು ಇರುವುದು ಇವನ ಹತ್ತಿರ, ಕೈ ಆಗಲೇ ಕತ್ತಿಯ ಮೇಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.